ಅಂಗೈ ಊರಿದ ಗೋಲ್‌ಕೀಪರ್

ಮೊದಲೇ ಹೇಳಿಬಿಡುತ್ತೇನೆ, ಆ ವಿಡಿಯೋ ತೆಗೆದವಳು ನಾನು. ಅದನ್ನು ನೋಡಿ ಮೊದಲು ನಕ್ಕವಳೂ ನಾನೇ. ಆಮೇಲೆ ಊರೆಲ್ಲ ನಕ್ಕಾಗ ಎಲ್ಲರಿಗಿಂತ ಜೋರಾಗಿ ಕೂಗಾಡಿದವಳೂ ನಾನೇ. ನನಗೆ ಸಿಟ್ಟು ಬೇಗ ಬರುತ್ತದೆ, ನಗು ಅದಕ್ಕಿಂತ ಬೇಗ. ಎರಡರ ಮಧ್ಯೆ ಯೋಚನೆ ಬಂದು ಕೂರುವಷ್ಟು ಜಾಗವೇ ಇವಳಲ್ಲಿ ಇಲ್ಲ ಎಂದು ನಮ್ಮಪ್ಪ ಮುನಿನಾರಾಯಣಪ್ಪ ದಿನಾ ಬೈಯುತ್ತಾರೆ.

ನನ್ನ ಹೆಸರು ಮಧುಶ್ರೀ. ಊರು ಕ್ಯಾಸಂಬಳ್ಳಿ ಪಕ್ಕ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕೈ ತೊಳೆದು, ಏಳೂವರೆ ಬಸ್ಸು ಹಿಡಿದು ಕೆಜಿಎಫ್‌ಗೆ ಬರುತ್ತೇನೆ, ಸೆಕೆಂಡ್ ಪಿಯುಸಿ. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ಟೀಮಿನಲ್ಲಿದ್ದೇನೆ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತೇನೆ. ನಿಜವಾಗಿ ಇರುವುದು ಬೆಂಚಿನ ಮೇಲೆ. ಎರಡನೇ ಗೋಲ್‌ಕೀಪರ್ ನಾನು, ಮೊದಲನೆಯವಳಿಗೆ ಏನೂ ಆಗದಿದ್ದರೆ ನನಗೆ ಆಟವಿಲ್ಲ. ಸುಮ್ಮನೆ ಕೂತಿರುತ್ತಾಳಲ್ಲ ಎಂದು ಕೋಚ್ ವಿಜಯಕುಮಾರ್ ಸರ್ ಮ್ಯಾಚ್ ಪೂರ್ತಿ ಮೊಬೈಲಿನಲ್ಲಿ ತೆಗೆಯುವ ಕೆಲಸ ನನಗೆ ಒಪ್ಪಿಸಿದ್ದರು.

ಮೊದಲನೇ ಗೋಲ್‌ಕೀಪರ್ ರಾಧ. ಉರಿಗಾಂನ ಹಳೇ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ತಾತ ಪೆರುಮಾಳ್ ಜೊತೆ ಇರುತ್ತಾಳೆ. ಅವಳ ಹತ್ತಿರ ಫೋನಿಲ್ಲ. ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಏನು ಬಂದರೂ ಅವಳಿಗೆ ತಲುಪಿಸುವವಳು ನಾನು. ಆ ಸೀಸನ್‌ನಲ್ಲಿ ಐದು ಮ್ಯಾಚ್ ಆಡಿ ಒಂದೇ ಒಂದು ಗೋಲೂ ಬಿಟ್ಟಿರಲಿಲ್ಲ ಅವಳು. ಅವಳು ನಿಂತಳೆಂದರೆ ನಮ್ಮ ಡಿಫೆಂಡರುಗಳು ಪಕ್ಕಕ್ಕೆ ಹೋಗಿ ನೀರು ಕುಡಿದು ಬರಬಹುದಿತ್ತು.

ಸೆಮಿಫೈನಲ್ ಉರಿಗಾಂ ಮೈದಾನದಲ್ಲೇ ನಡೆಯಿತು, ಭಾನುವಾರ ಸಂಜೆ. ಎರಡು ಗೋಲು ಹೊಡೆದು ಕುಣಿಯುತ್ತಿದ್ದೆವು. ಇನ್ನು ಐದು ನಿಮಿಷ ಬಾಕಿ. ಎದುರು ಟೀಮಿನ ಹುಡುಗಿ ದೂರದಿಂದ ಒಂದು ಸಪ್ಪೆ ಒದೆತ ಕೊಟ್ಟಳು. ಚೆಂಡು ಉರುಳಿಕೊಂಡು ಬಂತು, ನಮ್ಮಜ್ಜಿ ಕೂಡ ಹಿಡಿಯಬಹುದಾದ ಚೆಂಡು. ರಾಧ ಹಿಡಿಯಲಿಲ್ಲ. ಇದ್ದಕ್ಕಿದ್ದಂತೆ ಮೊಣಕಾಲೂರಿ ಕೂತಳು, ಬಲಗೈ ಗ್ಲೌಸ್ ಕಿತ್ತೆಸೆದಳು, ಅಂಗೈಯನ್ನು ನೆಲಕ್ಕೆ ಒತ್ತಿಟ್ಟು ತಲೆ ತಗ್ಗಿಸಿ ಏನೋ ಎಣಿಸತೊಡಗಿದಳು. ಚೆಂಡು ಅವಳ ಪಕ್ಕದಲ್ಲೇ ಆರಾಮಾಗಿ ಉರುಳಿ ಬಲೆಯೊಳಗೆ ಹೋಯಿತು.

ಎರಡು-ಒಂದು ಅಂತರದಲ್ಲಿ ಗೆದ್ದೆವು, ಫೈನಲ್‌ಗೆ ಬಂದೆವು. ಯಾರಿಗೂ ಬೇಸರವಾಗಲಿಲ್ಲ. "ಏನಾಯ್ತೇ ನಿಂಗೆ?" ಎಂದು ಕೇಳಿದೆ. ರಾಧಳ ಮುಖ ಬಿಳಿಚಿಕೊಂಡಿತ್ತು. "ಏನಿಲ್ಲ, ಬಿಡು" ಅಂದಳು. ನಾನು ಬಿಟ್ಟೆ.

ಊರಿಗೆ ಹೋಗುವ ಬಸ್ಸಿನಲ್ಲಿ ಕೈ ಸುಮ್ಮನಿರಲಿಲ್ಲ. ಅಷ್ಟು ಹೊತ್ತಿನದರಲ್ಲಿ ಹದಿನಾಲ್ಕು ಸೆಕೆಂಡ್ ಮಾತ್ರ ಕತ್ತರಿಸಿದೆ. ಸುತ್ತಲಿನದೆಲ್ಲ ತೆಗೆದು ರಾಧ ಒಬ್ಬಳೇ ಕಾಣುವ ಹಾಗೆ ದೊಡ್ಡದು ಮಾಡಿದೆ. ಕೆಳಗೆ ಬರೆದೆ: "ನಮ್ ರಾಧ ಮ್ಯಾಚ್ ಮಧ್ಯೆ ಬಂಗಾರ ಅಗೀತಾವ್ಳೆ, ಸಿಕ್ರೆ ಪಾಲು ಕೊಡ್ಬೇಕು ಕಣೇ." ಗ್ರೂಪಿಗೆ ಕಳಿಸಿದೆ. ಹದಿಮೂರು ಜನ ನಕ್ಕರು. ನನಗೆ ಒಂದು ಗೋಲು ಹೊಡೆದಷ್ಟು ಖುಷಿಯಾಯಿತು.

ಮಂಗಳವಾರ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ಒಂದೇ ಫೋನಿಗೆ ತಲೆ ಹಾಕಿ ಬಿದ್ದು ಬಿದ್ದು ನಗುತ್ತಿದ್ದರು. ಇಣುಕಿದೆ. ನನ್ನದೇ ವಿಡಿಯೋ! 'ಗೋಲ್ಡ್ ಸಿಟಿ ಗಮ್ಮತ್ತು' ಎಂಬ ಪೇಜಿನಲ್ಲಿತ್ತು. ರಾಧ ನಿಧಾನವಾಗಿ ಕೂರುತ್ತಾಳೆ, ತಮಟೆ ಬಾರಿಸುತ್ತದೆ, ಚೆಂಡು ಹೋಗುತ್ತದೆ, ಕತ್ತೆ ಕೂಗುತ್ತದೆ. ಬುಧವಾರ ಸಂಜೆಗೆ ತೊಂಬತ್ತು ಸಾವಿರ ಜನ ನೋಡಿದ್ದರು. ದುಡ್ಡು ತಗೊಂಡು ಗೋಲು ಬಿಟ್ಟಳಂತೆ, ಮೈಮೇಲೆ ದೇವರು ಬಂದಿತ್ತಂತೆ. ರಾಧಳ ಹೆಸರು, ರಾಧಳ ಫೋಟೋ ಹಾಕಿ ಯಾರೋ ಒಂದು ಸುಳ್ಳು ಅಕೌಂಟ್ ಬೇರೆ ತೆರೆದು, ಅವಳೇ ಮಾತಾಡಿದ ಹಾಗೆ ಹೊಲಸು ಬರೆಯುತ್ತಿದ್ದರು. ಒಬ್ಬ, "ಪಕ್ಕದಲ್ಲೇ ಗಣಿ ಬಾವಿ ಐತಲ್ಲ, ಓಗಿ ಬೀಳು" ಎಂದು ಬರೆದಿದ್ದ. ಅದಕ್ಕೆ ಇನ್ನೂರ ಹದಿನಾಲ್ಕು ಜನ ಮೆಚ್ಚುಗೆ ಒತ್ತಿದ್ದರು.

ಫೋನಿಲ್ಲದ ರಾಧಳಿಗೆ ಗೊತ್ತಾದದ್ದು ಕಾಲೇಜಿನ ವರಾಂಡದಲ್ಲಿ. ಅವಳು ಬರುತ್ತಿದ್ದ ಹಾಗೆ ಹತ್ತಾರು ಹುಡುಗರು, ಹುಡುಗಿಯರೂ, ಸಾಲಾಗಿ ಕೂತು ಅಂಗೈ ಊರಿದರು. "ಯಾಕೇ ಇಂಗ್ ಮಾಡ್ತಾವ್ರೆ?" ಎಂದು ನನ್ನನ್ನು ಕೇಳಿದಳು. ನಾನು ಉತ್ತರ ಕೊಡದೆ ಅವರ ಮೇಲೆ ಎಗರಿದೆ, ಒಬ್ಬನ ಬ್ಯಾಗ್ ಕಿತ್ತು ಎಸೆದೆ, ಬಾಯಿಗೆ ಬಂದ ಹಾಗೆ ಬೈದೆ. ಎಂಥ ಗೆಳತಿ ಎಂದು ನೋಡಿದವರು ಅಂದುಕೊಂಡಿರಬೇಕು. ರಾಧ ಯಾರದೋ ಫೋನಿನಲ್ಲಿ ಆ ವಿಡಿಯೋವನ್ನು ಮೂರು ಸಲ ನೋಡಿ ಕೊಟ್ಟುಬಿಟ್ಟಳು.

ಗುರುವಾರ ಗ್ಲೌಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಮ್ಮ ಕ್ಯಾಪ್ಟನ್ ಜ್ಯೋತ್ಸ್ನಾಳ ಕೈಗಿಟ್ಟು ಮನೆಗೆ ಹೋದಳು. ಇನ್ನು ಆಡುವುದಿಲ್ಲ, ಕಾಲೇಜಿಗೂ ಬರುವುದಿಲ್ಲ. ಫೈನಲ್ ಭಾನುವಾರ, ಬಂಗಾರಪೇಟೆಯಲ್ಲಿ. ಜ್ಯೋತ್ಸ್ನಾ ಫ್ಯಾಕ್ಟರಿ ಕ್ವಾರ್ಟರ್ಸ್ ಹುಡುಗಿ, ಅವರಪ್ಪ ಗದಗಿನಿಂದ ಇಲ್ಲಿಗೆ ಕೆಲಸಕ್ಕೆ ಬಂದವರು. ಮಾತು ಕಡಿಮೆ, ಆಡಿದರೆ ನೇರ. ಆ ಕವರನ್ನು ನನ್ನ ಮಡಿಲಿಗೆ ಹಾಕಿ, "ತೊಗೋ, ಇನ್ನ ನೀನ ನಿಲ್ಲಬೇಕು. ನಿನಗ ಲಾಭ ಆತಲ್ಲ" ಅಂದಳು. ಅವಳಿಗೆ ಚುಚ್ಚುವ ಉದ್ದೇಶವಿತ್ತೋ ಇಲ್ಲವೋ, ನನಗಂತೂ ಚುಚ್ಚಿತು. ಗ್ಲೌಸ್ ಹಾಕಿ ನೋಡಿದೆ. ರಾಧಳ ಬೆರಳಿಗೆ ಒಗ್ಗಿಹೋಗಿದ್ದ ಗ್ಲೌಸ್, ನನ್ನ ಕೈ ಅದರಲ್ಲಿ ನಿಲ್ಲಲಿಲ್ಲ.

ಶುಕ್ರವಾರ ಸೀದಾ ಬಂಗಾರಪೇಟೆಗೆ ಹೋದೆ. ಆ ಪೇಜಿನವನನ್ನು ಹುಡುಕುವುದು ಕಷ್ಟವಾಗಲಿಲ್ಲ, ಜಾಹೀರಾತು ಬೇಕಾದವರು ಸಂಪರ್ಕಿಸಿ ಎಂದು ಅಂಗಡಿಯ ವಿಳಾಸವನ್ನೇ ಹಾಕಿದ್ದ ಮಹಾರಾಯ. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ. ಹೆಸರು ಚಂದನ್, ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದ.

"ಏನ್ಲಾ, ನಿಂಗೆ ಅಕ್ಕ ತಂಗಿ ಯಾರೂ ಇಲ್ವಾ?" ಎಂದು ಶುರು ಮಾಡಿದೆ.

"ಅವ್ರೆ. ಅವ್ರೂ ನೋಡಿ ನಕ್ಕವ್ರೆ" ಅಂದ, ತಲೆ ಎತ್ತದೆ.

"ಅದನ್ನ ತೆಗೀತೀಯೋ ಇಲ್ವೋ? ಒಂದು ಉಡ್ಗಿ ಜೀವ ತಿಂತಾ ಇದ್ದೀಯಲ್ಲೋ!"

ಅವನು ತನ್ನ ಫೋನ್ ತೆಗೆದು ನನ್ನ ಕಡೆ ತಿರುಗಿಸಿದ. ಅದರಲ್ಲಿ ನಮ್ಮ ಗ್ರೂಪಿನ ಸ್ಕ್ರೀನ್‌ಶಾಟ್ ಇತ್ತು. ವಿಡಿಯೋ, ಅದರ ಕೆಳಗೆ ಬಂಗಾರ ಅಗೆಯುವ ಮಾತು, ಮೇಲೆ ನನ್ನ ಹೆಸರು.

"ಮಧುಶ್ರೀ ಅಂದ್ರೆ ನೀನೇ ತಾನೆ? ಮಾತು ನಿಂದು, ಮ್ಯೂಸಿಕ್ ನಂದು. ಬೈಯೋದಾದ್ರೆ ಇಬ್ರುನೂ ಬೈ" ಅಂದ. ಮತ್ತೆ ಗಾಜು ಅಂಟಿಸುತ್ತ, "ಈಗ ತೆಗುದ್ರೆ ಏನ್ ಬಂತು, ಆಗ್ಲೇ ನಲವತ್ತು ಪೇಜ್‌ಗೆ ಓಗೈತೆ" ಎಂದು ಸೇರಿಸಿದ.

ನಾನು ಅಂಗಡಿಯಿಂದ ಹೊರಗೆ ಬಂದೆ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನನ್ನ ಫೋನಿನಲ್ಲಿದ್ದ ಮೂಲ ವಿಡಿಯೋವನ್ನಾದರೂ ಅಳಿಸಿಬಿಡೋಣ ಎಂದು ತೆರೆದೆ. ಸಾಕ್ಷಿ ಇಲ್ಲದ ಹಾಗೆ ಮಾಡುವ ಆಸೆಯೂ ಇತ್ತು ಅನ್ನಿ. ಬೆರಳು ತಗುಲಿ ಅದು ಓಡತೊಡಗಿತು. ಕತ್ತರಿಸದ ವಿಡಿಯೋ, ಇಡೀ ಮೈದಾನ ಕಾಣುತ್ತಿತ್ತು. ಗೋಲಿನ ಹಿಂದೆ ಮೋಟು ಗೋಡೆ, ಅದರ ಮೇಲೆ ಪ್ರತಿ ಸಂಜೆ ಲೈನಿನ ಮುದುಕರು, ಮುದುಕಿಯರು ಕೂತಿರುತ್ತಾರೆ. ರಾಧ ಮೊಣಕಾಲೂರಿದಳು. ಅದೇ ಕ್ಷಣಕ್ಕೆ ಗೋಡೆಯ ಮೇಲಿದ್ದ ಒಬ್ಬ ಮುದುಕ ಕೋಲು ಬಿಸಾಕಿ ಕೆಳಗಿಳಿದು ಕುಕ್ಕರುಗಾಲಿನಲ್ಲಿ ಕೂತ. ಅಂಗೈ ನೆಲಕ್ಕೆ ಇಟ್ಟ. ಪಕ್ಕದ ಮುದುಕಿ ಬುಟ್ಟಿ ಇಳಿಸಿ ಕೂತಳು, ಅವಳ ಅಂಗೈಯೂ ನೆಲಕ್ಕೆ. ಇನ್ನೊಬ್ಬರು, ಮತ್ತೊಬ್ಬರು. ನೋಡನೋಡುತ್ತ ಇಡೀ ಗೋಡೆ ಖಾಲಿ! ಇಪ್ಪತ್ತಕ್ಕೂ ಹೆಚ್ಚು ಜನ ಸಾಲಾಗಿ ನೆಲದ ಮೇಲೆ ಅಂಗೈ ಊರಿ ತಲೆ ತಗ್ಗಿಸಿ ಕೂತಿದ್ದರು. ಪಕ್ಕದ ಟೀ ಗಾಡಿಯ ಗಾಜಿನ ಲೋಟಗಳು ಕಿಣಿಕಿಣಿ ಅನ್ನುವುದು ಕೂಡ ಕೇಳುತ್ತಿತ್ತು.

ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ಕಂಡಕ್ಟರ್ ವಿಷಲ್ ಊದಿ ಬಸ್ಸು ನಿಲ್ಲಿಸಿಬಿಟ್ಟರು.

ಮತ್ತೆ ಮತ್ತೆ ನೋಡಿದೆ. ನೆಲ ನಡುಗಿತ್ತು, ಕುಣಿಯುವ ಗದ್ದಲದಲ್ಲಿ ನಮಗೆ ಗೊತ್ತೇ ಆಗಿರಲಿಲ್ಲ! ರಾಧ ಒಬ್ಬಳೇ ಕೂತಿರಲಿಲ್ಲ. ಅವಳನ್ನು ಒಬ್ಬಂಟಿ ಮಾಡಿದ್ದು ನಾನು, ಎರಡು ಬೆರಳಿನಲ್ಲಿ ಹಿಗ್ಗಿಸಿ. ಅಳು ಬಂತು, ಕುಣಿಯುವ ಹಾಗೂ ಆಯಿತು. ಜ್ಯೋತ್ಸ್ನಾಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿದೆ. "ಈಗ್ಲೇ ಆಕ್ತೀನಿ ಕಣೇ! ಆ ಚಂದನ್ ಮುಖದ ಫೋಟೋ, ಅಂಗಡಿ, ನಂಬರ್ ಎಲ್ಲಾ ಸೇರಿಸಿ ಆಕ್ತೀನಿ. ನಾಳೆಯಿಂದ ಜನ ಅವನ ಅಂಗಡಿ ಮುಂದೆ ಕೂತು ನಗ್ಬೇಕು."

"ಹಾಕಬ್ಯಾಡ" ಅಂದಳು ಜ್ಯೋತ್ಸ್ನಾ. "ರಾಧಾನ್ನ ಕೇಳಿಯೇನು?"

"ಅವಳ ಒಳ್ಳೇದಕ್ಕೇ ಅಲ್ವೇನೇ!"

"ಹೋದ ಸಲನೂ ಕೇಳಿರಲಿಲ್ಲ ನೀನು."

ಉರಿಗಾಂನಲ್ಲಿ ಇಳಿದೆ.

ಪೆರುಮಾಳ್ ತಾತ ಮೆಟ್ಟಿಲ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಇಪ್ಪತ್ತಾರು ವರ್ಷ ಗಣಿಯೊಳಗೆ ದುಡಿದವರು. "ವಾಮ್ಮಾ ಮಧು, ಕೂತ್ಕೋ" ಅಂದರು. ನಾನು ಕೂರದೆ ಫೋನ್ ಮುಂದೆ ಹಿಡಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಕೋಲು ಬಿಸಾಕಿದ ಮುದುಕ ಅವರೇ.

"ಇದಾ? ಏರ್‌ಬ್ಲಾಸ್ಟ್ ಅಂತೀವಿ ನಾವು. ಒಳಗಡೆ ಬಂಡೆ ಒಡೀತದೆ, ಮೇಲೆ ನೆಲ ಅದುರ್ತದೆ. ನಾವು ಕೆಳಗಡೆ ಕೆಲಸ ಮಾಡ್ತಿದ್ರೆ ಮೇಲೆ ಹೆಂಗಸರು ಹಿಂಗೇ ಕೈ ಇಟ್ಟು ಇಪ್ಪತ್ತು ಎಣಿಸ್ತಾ ಇದ್ರು. ಇಪ್ಪತ್ತರ ಒಳಗೆ ಇನ್ನೊಂದು ಸಲ ಅದುರಿದ್ರೆ, ಸೈರನ್ ಕೂಗಿದ್ರೆ, ಗಣಿ ಹತ್ರ ಓಡೋದು. ಇಲ್ಲಾಂದ್ರೆ ಎದ್ದು ಅಡಿಗೆ ಮಾಡೋದು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಒಳಗೆ ನೀರು ತುಂಬ್ಕೊಂಡಿದೆ, ಒಬ್ಬನೂ ಇಲ್ಲ. ಆದ್ರೂ ಕೈ ಕೇಳಲ್ಲಮ್ಮಾ. ರಾಧಾನ ಬೆಳೆಸಿದ್ದು ಅವಳ ಪಾಟಿ, ನನ್ನ ಹೆಂಡ್ತಿ. ಸಾಯೋ ತನಕ ಆಕೆ ಹಿಂಗೇ ಕೂತ್ಕೊಳ್ತಾ ಇದ್ಲು, ಪಕ್ಕದಲ್ಲಿ ಈ ಪಾಪಾನೂ."

ರಾಧ ಬಾಗಿಲಲ್ಲಿ ನಿಂತಿದ್ದಳು. ವಿಡಿಯೋ ನೋಡಿದಳು. ತಾತನನ್ನು, ಪಕ್ಕದ ಮನೆಯವರನ್ನು, ಎಲ್ಲರನ್ನೂ ನೋಡಿದಳು. ಐದು ದಿನದ ಮೇಲೆ ಅವಳ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದರೆ ನಾನು ದೊಡ್ಡ ಗೆಳತಿಯಾಗಿ ಮನೆಗೆ ಹೋಗಬಹುದಿತ್ತು. ಆ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ.

"ರಾಧ, ಅದನ್ನ ಕತ್ತರಿಸಿ ಗ್ರೂಪಿಗೆ ಆಕಿದ್ದು ನಾನು. ಬಂಗಾರದ ಮಾತೂ ನಂದೇ" ಅಂದೆ.

"ಅವತ್ತು ನನ್ ಪಕ್ಕದಲ್ಲೇ ನಿಂತು ಅವ್ರಿಗೆಲ್ಲ ಬೈದ್ಯಲ್ಲೇ" ಅಂದಳು. ಅದಕ್ಕಿಂತ ಎರಡೇಟು ಹೊಡೆದಿದ್ದರೆ ವಾಸಿ ಇತ್ತು.

"ಪೂರ್ತಿ ವಿಡಿಯೋ ಆಕ್ಲಾ?"

"ಬೇಡ. ಮೊದ್ಲು ಟೀಮ್ ಮುಂದೆ ನಿನ್ ಬಾಯಲ್ಲಿ ಹೇಳು" ಅಂದು ಬಾಗಿಲು ಹಾಕಿಕೊಂಡಳು. ಭಾನುವಾರ ಬರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಶನಿವಾರ ಪ್ರಾಕ್ಟೀಸಿನಲ್ಲಿ ಎಲ್ಲರ ಮುಂದೆ ಹೇಳಿದೆ. ವಿಜಯಕುಮಾರ್ ಸರ್ ನನಗೆ ಬೈಯಲಿಲ್ಲ. "ಗ್ರೂಪಿಂದ ಆಚೆ ಕಳಿಸಿದ್ದು ಯಾರು?" ಎಂದು ಕೇಳಿದರು. ಸರ್ ಕಾದರು. ಒಂದು ಕೈ ಮೇಲೆದ್ದಿತು, ನಮ್ಮಣ್ಣನಿಗೆ ಮಾತ್ರ ಸಾರ್. ಇನ್ನೊಂದು ಕೈ, ಕಸಿನ್‌ಗೆ ಮಾತ್ರ ಸಾರ್. ಎಣಿಸಿದರೆ ಒಂಬತ್ತು ಕೈ! ಒಂಬತ್ತು ಜನರೂ ಒಬ್ಬರಿಗೆ ಮಾತ್ರ ಕಳಿಸಿದ್ದರು. ಕೊನೆಗೆ ಎದ್ದ ಕೈ ಜ್ಯೋತ್ಸ್ನಾಳದು.

ಆಮೇಲೆ ನಮಗೆ ಎಲ್ಲಿಲ್ಲದ ಹುರುಪು ಬಂತು. ಚೆಂಡು ಮೂಲೆಗೆ ಬಿತ್ತು. ಹೊಲಸು ಮಾತುಗಳ ಸ್ಕ್ರೀನ್‌ಶಾಟನ್ನು ದಿನಾಂಕ ಸಮೇತ ತೆಗೆದೆವು, ಗಣಿ ಬಾವಿಯ ಮಾತನ್ನು ಎಲ್ಲಕ್ಕಿಂತ ಮೊದಲು. ಸುಳ್ಳು ಅಕೌಂಟಿನ ಮೇಲೆ ಎಲ್ಲರೂ ದೂರು ಒತ್ತಿದೆವು. ಒಂಬತ್ತು ಜನ ತಮ್ಮ ಒಬ್ಬೊಬ್ಬರಿಗೆ ಫೋನ್ ಮಾಡಿ ಅಳಿಸು ಎಂದರು, ನಿನ್ನಿಂದ ಯಾರಿಗೆ ಹೋಯಿತೋ ಅವರಿಗೂ ಹೇಳು ಎಂದರು. ಸರ್, ಪೆರುಮಾಳ್ ತಾತನನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಬಂದರು. ರಾತ್ರಿಯೊಳಗೆ ಸುಳ್ಳು ಅಕೌಂಟ್ ಹೋಯಿತು, ಚಂದನ್ ಪೇಜಿನಲ್ಲಿದ್ದದ್ದೂ ಹೋಯಿತು. ಉಳಿದ ನಲವತ್ತು ಕಡೆ ಇದ್ದದ್ದು ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ರಾಧಳ ಗ್ಲೌಸ್ ಎದೆಗೊತ್ತಿಕೊಂಡು ನಿಂತೆ. ಟ್ರೈನ್ ಬಂತು. ರಾಧ ಬರಲಿಲ್ಲ. ನಾನು ಹತ್ತಿದೆ, ಟ್ರೈನ್ ಹೊರಟಿತು. ಮುಂದಿನ ಸ್ಟೇಷನ್ ಬರುವ ಹೊತ್ತಿಗೆ ಬೋಗಿಯ ಆ ತುದಿಯಿಂದ, ಕೊನೇ ಗಳಿಗೆಯಲ್ಲಿ ಆ ಬಾಗಿಲಿಗೆ ಹತ್ತಿದ್ದ ಒಂದು ದಂಡು ಬರುತ್ತಿರುವುದು ಕಾಣಿಸಿತು. ಪೆರುಮಾಳ್ ತಾತ, ಬುಟ್ಟಿ ಮುದುಕಿ, ಗೋಡೆ ಮೇಲಿನ ಅಷ್ಟೂ ಜನ, ಒಗೆದ ಬಟ್ಟೆ ಉಟ್ಟುಕೊಂಡು. ಮಧ್ಯದಲ್ಲಿ ರಾಧ. ಬಂದವಳೇ ನನ್ನ ಕೈಯಿಂದ ಗ್ಲೌಸ್ ಕಿತ್ತುಕೊಂಡಳು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು.

"ಇವತ್ತು ಪೂರ್ತಿ ತೆಗಿ. ದೊಡ್ಡದು ಮಾಡ್ಬೇಡ" ಎಂದು ಮಾತ್ರ ಹೇಳಿ ಕಿಟಕಿ ಪಕ್ಕ ಹೋಗಿ ಕೂತಳು.

ಬಂಗಾರಪೇಟೆಯ ಆ ಮೈದಾನ ರೈಲ್ವೆ ಹಳಿಯ ಪಕ್ಕದಲ್ಲೇ ಇದೆ. ಜನವೋ ಜನ. ರಾಧ ಗೋಲಿನ ಹತ್ತಿರ ಹೋದದ್ದೇ ತಡ, ಎದುರು ಕಡೆಯ ಹುಡುಗರ ಗುಂಪು ಕೂತು ಅಂಗೈ ಊರಿ ಕತ್ತೆಯ ಹಾಗೆ ಕೂಗಿತು. ರಾಧ ಅವರತ್ತ ನೋಡಲಿಲ್ಲ. ನಾನು ಅವಳ ಗೋಲಿನ ಹಿಂದೆಯೇ ಫೋನ್ ಹಿಡಿದು ನಿಂತೆ. ಬಂದ ಚೆಂಡನ್ನೆಲ್ಲ ಹಿಡಿದಳು, ಗುದ್ದಿದಳು, ಒಮ್ಮೆ ಕಾಲಲ್ಲೂ ತಡೆದಳು. ನಲವತ್ತನೇ ನಿಮಿಷದಲ್ಲಿ ಜ್ಯೋತ್ಸ್ನಾ ಒಂದು ಗೋಲು ಹೊಡೆದಳು. ನಾವು ಹುಚ್ಚರಾದೆವು.

ಇನ್ನು ಎರಡು ನಿಮಿಷ ಇದೆ ಅನ್ನುವಾಗ ನಮ್ಮವಳೊಬ್ಬಳು ಬಾಕ್ಸಿನೊಳಗೆ ಎದುರಾಳಿಯನ್ನು ಬೀಳಿಸಿದಳು. ಪೆನಾಲ್ಟಿ! ಅವರ ಹುಡುಗಿ ಚೆಂಡು ಇಟ್ಟಳು. ರೆಫರಿ ವಿಷಲ್ ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿ ಬಂತು, ಅದಿರು ತುಂಬಿದ ಉದ್ದನೆಯ ಗಾಡಿ. ನನ್ನ ಕಾಲ ಕೆಳಗೆ ನೆಲ ಅದುರಿತು.

ಅಯ್ಯೋ ಬೇಡ, ಇವತ್ತು ಬೇಡ, ಅಂದುಕೊಂಡೆ.

ರಾಧ ಬಲಗೈ ಗ್ಲೌಸ್ ತೆಗೆದಳು. ಮೊಣಕಾಲೂರಿ, ಅಂಗೈಯನ್ನು ನೆಲಕ್ಕೆ ಇಟ್ಟಳು. ರೆಫರಿ ವಿಷಲ್ ಊದದೆ ತಡೆದರು. ಆ ಹುಡುಗರ ಗುಂಪಿಗೆ ಹಬ್ಬ! ಕೇಕೆ, ಶಿಳ್ಳೆ, ನೂರು ಫೋನುಗಳು ಮೇಲೆದ್ದವು. ಆಗ ಸೈಡ್ ಲೈನಿನಲ್ಲಿ ಪೆರುಮಾಳ್ ತಾತ ಕೋಲು ಕೆಳಗಿಟ್ಟು ಕೂತರು. ಬುಟ್ಟಿ ಮುದುಕಿ ಕೂತಳು. ಅಷ್ಟೂ ಜನ ಕೂತು ಅಂಗೈ ಊರಿದರು. ಅದು ಅಣಕವಲ್ಲ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಕೇಕೆ ಅಲ್ಲೊಂದು ಇಲ್ಲೊಂದು ಕಡೆ ನಿಂತಿತು. ಅಷ್ಟು ವಯಸ್ಸಾದವರನ್ನು ನೋಡಿ ನಗಲು ಆ ಹುಡುಗರಿಗೂ ಆಗಲಿಲ್ಲ. ನಾನೂ ಕೂತೆ. ಅಂಗೈ ಇಟ್ಟೆ. ನೆಲ ಕೈಯೊಳಗೆ ಬಂದ ಹಾಗೆ ನಡುಗುತ್ತಿತ್ತು. ಒಂದು, ಎರಡು, ಮೂರು. ಹೀಗೇ ಕೂತು ಗಂಡ ಬದುಕಿದ್ದಾನೋ ಇಲ್ಲವೋ ಎಂದು ಎಣಿಸುತ್ತಿದ್ದವರನ್ನು ನೆನೆದು ನನ್ನ ಕಣ್ಣು ತುಂಬಿಕೊಂಡಿತು, ಹನ್ನೊಂದಕ್ಕೆ ಲೆಕ್ಕ ತಪ್ಪಿತು.

ಗಾಡಿ ದಾಟಿತು. ರಾಧ ಎದ್ದಳು, ಗ್ಲೌಸ್ ಹಾಕಿಕೊಂಡಳು, ರೆಫರಿಗೆ ತಲೆಯಾಡಿಸಿದಳು. ವಿಷಲ್. ಒದೆತ. ಬಲ ಮೂಲೆಗೆ, ನೆಲ ಸವರಿಕೊಂಡು ಬಂತು ಚೆಂಡು. ರಾಧ ಹಾರಿದಳು! ಬೆರಳ ತುದಿ ತಗುಲಿತು, ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ. ಬಂಗಾರಪೇಟೆಯವರೂ ಕಿರುಚುತ್ತಿದ್ದರು, ಆ ಕತ್ತೆ ಕೂಗಿದವರೂ.

ಮ್ಯಾಚ್ ಮುಗಿದು, ಗೆದ್ದ ಕಪ್ ಕೈಯಿಂದ ಕೈಗೆ ಹೋಗುತ್ತಿರುವಾಗ ರಾಧ ನನ್ನ ಹತ್ತಿರ ಬಂದಳು. ಮುಖವೆಲ್ಲ ಮಣ್ಣು.

"ತೆಗುದ್ಯಾ?" ಅಂದಳು.

ಆಗ ನೋಡಿಕೊಂಡೆ. ಫೋನ್ ಹುಲ್ಲಿನ ಮೇಲೆ ಬೋರಲಾಗಿ ಬಿದ್ದಿತ್ತು. "ಇಲ್ಲ ಕಣೇ. ಕೈ ನೆಲದ ಮೇಲಿತ್ತು."

ಅವಳು ನನ್ನನ್ನೇ ನೋಡಿದಳು. "ಎಷ್ಟರ ತನಕ ಎಣಿಸ್ದೆ?"

"ಹನ್ನೊಂದು."

"ಇಪ್ಪತ್ತು ಎಣಿಸ್ಬೇಕು. ಆಮೇಲೇ ಏನಿದ್ರೂ ಮಾಡೋದು" ಅಂದು, ಮಣ್ಣಾದ ಗ್ಲೌಸನ್ನು ಹೊರಲು ನನ್ನ ಕೈಗೆ ತುರುಕಿ ತಾತನ ಕಡೆ ಓಡಿದಳು.

ಸೆಮಿಫೈನಲ್ಲಿನ ಆ ಪೂರ್ತಿ ವಿಡಿಯೋ ಇನ್ನೂ ನನ್ನ ಫೋನಿನಲ್ಲೇ ಇದೆ. ಹಾಕು ಎಂದು ರಾಧ ಇನ್ನೂ ಹೇಳಿಲ್ಲ, ನಾನು ಹಾಕಿಲ್ಲ. ಅವತ್ತು ಮಾತ್ರ ಎಲ್ಲರೂ ಟ್ರೈನಿಗೆ ಹೊರಟಾಗ ನಾನು ಮತ್ತೆ ಹುಲ್ಲಿನ ಮೇಲೆ ಕೂತೆ, ಅಂಗೈ ಊರಿ, ಬಿಟ್ಟಲ್ಲಿಂದ ಶುರು ಮಾಡಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು.